ವೈರಸ್ ಸೋಂಕಿನ ಸಂಶೋಧನೆ: ಯಾವ ಪ್ರಶ್ನೆಗೆ ಯಾವ ಅಧ್ಯಯನ ವಿಧಾನ?

1954ರಲ್ಲಿ ಜೋನಸ್ ಸಾಲ್ಕ್ ಅವರ ಪೋಲಿಯೊ ಲಸಿಕೆಯನ್ನು ಅಮೆರಿಕದ ಶಾಲಾ ಮಕ್ಕಳಲ್ಲಿ ಪರೀಕ್ಷಿಸಿದಾಗ, ಒಂದೇ ಲಸಿಕೆಯನ್ನು ಒಂದೇ ವರ್ಷದಲ್ಲಿ ಎರಡು ಬೇರೆ ಬೇರೆ ವಿಧಾನಗಳಿಂದ ತೂಗಿ ನೋಡುವ ಅಪರೂಪದ ಸಂದರ್ಭ ಒದಗಿಬಂತು. ಕೆಲವು ಪ್ರದೇಶಗಳಲ್ಲಿ ಎರಡನೆಯ ತರಗತಿಯ ಮಕ್ಕಳ ಪೈಕಿ ಪೋಷಕರು ಒಪ್ಪಿಗೆ ಕೊಟ್ಟವರಿಗೆಲ್ಲ ಲಸಿಕೆ ಹಾಕಿ, ಒಂದನೆಯ ಮತ್ತು ಮೂರನೆಯ ತರಗತಿಯ ಎಲ್ಲ ಮಕ್ಕಳನ್ನು ಹೋಲಿಕೆಗೆ ಇಟ್ಟುಕೊಂಡರು. ಉಳಿದ ಪ್ರದೇಶಗಳಲ್ಲಿ ಮೂರೂ ತರಗತಿಗಳ ಒಪ್ಪಿದ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಒಂದಕ್ಕೆ ಲಸಿಕೆಯನ್ನೂ ಇನ್ನೊಂದಕ್ಕೆ ಲಸಿಕೆಯಂತೆಯೇ ಕಾಣುವ ಹುಸಿ ಚುಚ್ಚುಮದ್ದನ್ನೂ ಕೊಟ್ಟರು. ಯಾರಿಗೆ ಯಾವುದು ಹೋಯಿತೆಂಬುದು ಮಕ್ಕಳಿಗೂ ತಿಳಿದಿರಲಿಲ್ಲ, ರೋಗ ಗುರುತಿಸುವ ವೈದ್ಯರಿಗೂ ತಿಳಿದಿರಲಿಲ್ಲ. ಮೊದಲ ವಿಧಾನದಲ್ಲಿ ಪೋಲಿಯೊ ಪ್ರಮಾಣ ಹೋಲಿಕೆಯ ಗುಂಪಿನಲ್ಲಿ ಲಕ್ಷಕ್ಕೆ 54 ಇದ್ದರೆ ಲಸಿಕೆ ಪಡೆದವರಲ್ಲಿ 25 ಇತ್ತು. ಎರಡನೆಯ ವಿಧಾನದಲ್ಲಿ ಅದು 71 ಮತ್ತು 28.

ಲಸಿಕೆ ಒಂದೇ ಆಗಿದ್ದರೂ ಮೊದಲ ಲೆಕ್ಕದಲ್ಲಿ ಅದರ ಫಲ ಸುಮಾರು ಶೇ 54, ಎರಡನೆಯ ಲೆಕ್ಕದಲ್ಲಿ ಸುಮಾರು ಶೇ 61. ಈ ವ್ಯತ್ಯಾಸದ ಮೂಲ ಮೂರನೆಯ ಒಂದು ಸಂಖ್ಯೆಯಲ್ಲಿದೆ: ಎರಡನೆಯ ಬಗೆಯ ಪ್ರದೇಶಗಳಲ್ಲಿ ಪೋಷಕರು ಒಪ್ಪಿಗೆ ಕೊಡದೆ ಹೊರಗುಳಿದ ಮಕ್ಕಳಲ್ಲಿ ಪೋಲಿಯೊ ಲಕ್ಷಕ್ಕೆ ಕೇವಲ 46 ಇತ್ತು, ಅಂದರೆ ಹುಸಿ ಚುಚ್ಚುಮದ್ದು ಪಡೆದವರಿಗಿಂತ ಬಹಳ ಕಡಿಮೆ. ಒಪ್ಪಿಗೆ ಕೊಟ್ಟವರು ಹೆಚ್ಚಾಗಿ ಅನುಕೂಲಸ್ಥ ಕುಟುಂಬದವರು. ಅವರ ಮಕ್ಕಳು ಶುಚಿಯಾದ ಪರಿಸರದಲ್ಲಿ ಬೆಳೆದು ವೈರಸ್ಸನ್ನು ತಡವಾಗಿ ಎದುರುಗೊಳ್ಳುತ್ತಿದ್ದರು. ಬಡ ಕುಟುಂಬದ ಮಕ್ಕಳು ತಾಯಿಯಿಂದ ಬಂದ ಪ್ರತಿಕಾಯಗಳು ಮೈಯಲ್ಲಿ ಇರುವಾಗಲೇ ಸೋಂಕು ತಗುಲಿಸಿಕೊಂಡು, ತೊಂದರೆಯಿಲ್ಲದೆ ಪ್ರತಿರಕ್ಷೆ ಗಳಿಸಿರುತ್ತಿದ್ದರು. ಮೊದಲ ವಿಧಾನವು ಒಪ್ಪಿದವರನ್ನು ಒಪ್ಪಿದವರೂ ಒಪ್ಪದವರೂ ಬೆರೆತ ಗುಂಪಿನೊಡನೆ ಹೋಲಿಸಿದ್ದರಿಂದ ಲಸಿಕೆಯ ಫಲ ಇದ್ದುದಕ್ಕಿಂತ ಕಡಿಮೆಯಾಗಿ ಕಂಡಿತು. ಬಡತನ ರೋಗವನ್ನು ಹೆಚ್ಚಿಸುತ್ತದೆ ಎಂಬ ಸಾಮಾನ್ಯ ಊಹೆಯಿಂದ ಹೊರಟವರು ತಪ್ಪು ಯಾವ ದಿಕ್ಕಿಗೆ ವಾಲುತ್ತದೆ ಎಂಬುದನ್ನೂ ತಲೆಕೆಳಗಾಗಿ ಊಹಿಸುತ್ತಿದ್ದರು.

ಅಧ್ಯಯನವೊಂದನ್ನು ಮೊದಲ ಬಾರಿಗೆ ಯೋಜಿಸುತ್ತಿರುವ ಸಂಶೋಧಕರಿಗೆ, ಹಾಗೂ ಪ್ರಕಟವಾದ ಅಧ್ಯಯನಗಳನ್ನು ನೆಚ್ಚಿ ಆರೋಗ್ಯ ಕಾರ್ಯಕ್ರಮ ರೂಪಿಸುವವರಿಗೆ ಈ ಬರಹ. ಪಠ್ಯಪುಸ್ತಕಗಳು ಅಧ್ಯಯನ ವಿಧಾನಗಳನ್ನು ಪಿರಮಿಡ್ಡಿನಂತೆ ಚಿತ್ರಿಸಿ, ತಳದಲ್ಲಿ ಬಿಡಿ ಪ್ರಕರಣಗಳ ವರದಿಯನ್ನೂ ತುದಿಯಲ್ಲಿ ಯಾದೃಚ್ಛಿಕ ಪ್ರಯೋಗಗಳನ್ನೂ ಕೂರಿಸುತ್ತವೆ. ಚಿಕಿತ್ಸೆ ಫಲಕಾರಿಯೇ ಎಂಬ ಒಂದೇ ಪ್ರಶ್ನೆಗೆ ಆ ಚಿತ್ರ ಸರಿ. ವೈರಸ್ ಸೋಂಕಿನ ವಿಷಯದಲ್ಲಿ ಕೇಳಬೇಕಾದ ಉಳಿದ ಪ್ರಶ್ನೆಗಳಿಗೆ, ಅಂದರೆ ಇದು ಹುಟ್ಟುವ ಮಗುವಿಗೆ ಹಾನಿ ಮಾಡುತ್ತದೆಯೇ, ಎಷ್ಟು ಜನರಿಗೆ ಈಗಾಗಲೇ ತಗುಲಿದೆ, ಮೂವತ್ತು ವರ್ಷದ ನಂತರ ಕ್ಯಾನ್ಸರ್ ತರುತ್ತದೆಯೇ ಎಂಬಂಥವುಗಳಿಗೆ, ಆ ಪಿರಮಿಡ್ಡು ದಾರಿ ತಪ್ಪಿಸುತ್ತದೆ. ವಿಧಾನ ಆರಿಸುವ ಮೊದಲು ನಾನು ಕೇಳಿಕೊಳ್ಳುವುದು ಮೂರು ಸಂಗತಿಗಳನ್ನು: ಅಳೆಯಬೇಕಾದ ಪರಿಣಾಮ ಎಷ್ಟು ವಿರಳ, ಸೋಂಕಿನಿಂದ ಅದು ಕಾಣಿಸಿಕೊಳ್ಳುವವರೆಗೆ ಎಷ್ಟು ಕಾಲ ಹಿಡಿಯುತ್ತದೆ, ಮತ್ತು ಯಾರಿಗೆ ಏನು ಸಿಗಬೇಕೆಂದು ನಿರ್ಧರಿಸುವ ಅಧಿಕಾರ ಸಂಶೋಧಕನಿಗೆ ನ್ಯಾಯವಾಗಿ ಇದೆಯೇ.

ಯಾದೃಚ್ಛಿಕ ಪ್ರಯೋಗ: ಯಾವಾಗ ಬಿಡಬಾರದು

ಚಿಕಿತ್ಸೆ ಅಥವಾ ಲಸಿಕೆ ಕೊಡುವುದು ನಮ್ಮ ಕೈಯಲ್ಲಿದ್ದು, ಅದು ಉಪಕಾರಿಯೋ ಅಪಕಾರಿಯೋ ಎಂದು ಪ್ರಾಮಾಣಿಕವಾಗಿ ತಿಳಿಯದಿದ್ದಾಗ ಯಾದೃಚ್ಛಿಕ ಪ್ರಯೋಗಕ್ಕೆ ಸಮನಾದದ್ದು ಇಲ್ಲ. ಪಿಡುಗಿನ ನಡುವೆ ಅದಕ್ಕೆಲ್ಲ ಸಮಯವಿಲ್ಲ ಎಂಬ ವಾದವನ್ನು 2020ರಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ ಸುಳ್ಳು ಮಾಡಿತು. ಮಾರ್ಚ್‌ನಲ್ಲಿ ಆರಂಭವಾದ ಆ ಪ್ರಯೋಗ ಜೂನ್‌ನಲ್ಲೇ ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಸ್ಟೀರಾಯ್ಡಿನ ಫಲಿತಾಂಶ ಕೊಟ್ಟಿತು: ವೆಂಟಿಲೇಟರ್ ಮೇಲಿದ್ದ ಕೋವಿಡ್ ರೋಗಿಗಳಲ್ಲಿ 28 ದಿನಗಳೊಳಗಿನ ಸಾವು ಶೇ 41.4ರಿಂದ ಶೇ 29.3ಕ್ಕೆ ಇಳಿದಿತ್ತು. ಆಮ್ಲಜನಕವೇ ಬೇಕಿಲ್ಲದ ರೋಗಿಗಳಲ್ಲಿ ಮಾತ್ರ ಅದರಿಂದ ಪ್ರಯೋಜನ ಕಾಣಲಿಲ್ಲ. ಅಲ್ಲಿ ಸಾವಿನ ಪ್ರಮಾಣ ಔಷಧ ಪಡೆದವರಲ್ಲೇ ತುಸು ಹೆಚ್ಚಿತ್ತು. ಸ್ಟೀರಾಯ್ಡ್ ಒಳ್ಳೆಯದೋ ಕೆಟ್ಟದ್ದೋ ಎಂದು ವೈದ್ಯರು ಅನುಭವದ ಬಲದಿಂದ ವಾದಿಸುತ್ತ ಕುಳಿತಿದ್ದರೆ ಎರಡೂ ಪಕ್ಷದವರಿಗೆ ಅವರವರ ವಾರ್ಡಿನಲ್ಲೇ ಪುರಾವೆ ಸಿಗುತ್ತಿತ್ತು. ಹೈಡ್ರಾಕ್ಸಿಕ್ಲೋರೋಕ್ವಿನ್ ಬಗ್ಗೆ ಹುಟ್ಟಿದ್ದ ಅಪಾರ ಭರವಸೆಯನ್ನೂ ಇದೇ ಪ್ರಯೋಗ ಮುಗಿಸಿತು: ಔಷಧ ಪಡೆದವರಲ್ಲಿ ಸಾವು ಶೇ 27, ಪಡೆಯದವರಲ್ಲಿ ಶೇ 25.

ಪ್ರಯೋಗ ಮಾಡುವುದೆಂದು ನಿರ್ಧರಿಸಿದ ಮೇಲೂ ಒಂದು ಆಯ್ಕೆ ಉಳಿಯುತ್ತದೆ. ವ್ಯಕ್ತಿಗಳನ್ನು ಹಂಚಬೇಕೋ, ಊರು ಅಥವಾ ಶಾಲೆಯಂಥ ಇಡೀ ಗುಂಪುಗಳನ್ನು ಹಂಚಬೇಕೋ? ಸೋಂಕು ಒಬ್ಬರಿಂದ ಒಬ್ಬರಿಗೆ ಹರಡುವುದರಿಂದ ಇಲ್ಲಿ ಈ ಪ್ರಶ್ನೆ ಮಧುಮೇಹ ಅಥವಾ ರಕ್ತದೊತ್ತಡದ ಔಷಧಗಳ ವಿಷಯದಲ್ಲಿ ಇಲ್ಲದಷ್ಟು ಮಹತ್ವ ಪಡೆಯುತ್ತದೆ. ಲಸಿಕೆ ಪಡೆದವನನ್ನು ಅದು ಎಷ್ಟು ಕಾಯುತ್ತದೆ ಎಂದು ತಿಳಿಯಬೇಕಾದರೆ ವ್ಯಕ್ತಿಗಳನ್ನು ಹಂಚಿ. ಅವನಿಗೆ ಲಸಿಕೆ ಹಾಕಿದ್ದರಿಂದ ಪಕ್ಕದವನಿಗೆ ಎಷ್ಟು ರಕ್ಷಣೆ ಸಿಕ್ಕಿತು ಎಂದು ತಿಳಿಯಬೇಕಾದರೆ ಗುಂಪುಗಳನ್ನೇ ಹಂಚಬೇಕು. ಕೆನಡಾದ ಹಟರೈಟ್ ಸಮುದಾಯಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ಸೊಗಸಾದ ಮಾದರಿ. ಆ ಜನ ಪ್ರತ್ಯೇಕ ವಸತಿಗಳಲ್ಲಿ ಕೂಡಿ ಬಾಳುವವರು. ಕೆಲವು ವಸತಿಗಳ ಮಕ್ಕಳಿಗೆ ಇನ್‌ಫ್ಲುಯೆಂಜಾ ಲಸಿಕೆ, ಉಳಿದ ವಸತಿಗಳ ಮಕ್ಕಳಿಗೆ ಹೆಪಟೈಟಿಸ್ ಎ ಲಸಿಕೆ ಕೊಟ್ಟು, ಅಳತೆಯನ್ನು ಲಸಿಕೆ ಪಡೆಯದ ಹಿರಿಯರಲ್ಲಿ ಮತ್ತು ಇತರರಲ್ಲಿ ಮಾಡಿದರು. ಮಕ್ಕಳಿಗೆ ಹಾಕಿದ ಲಸಿಕೆ ಅವರ ಸುತ್ತಲಿನವರಿಗೆ ಶೇ 61ರಷ್ಟು ರಕ್ಷಣೆ ಕೊಟ್ಟಿತ್ತು. ಹೋಲಿಕೆಯ ಗುಂಪಿಗೆ ಹುಸಿ ಮದ್ದಿನ ಬದಲು ಇನ್ನೊಂದು ಉಪಯುಕ್ತ ಲಸಿಕೆ ಕೊಟ್ಟ ಉಪಾಯವೂ ಅನುಕರಣೀಯ, ಏಕೆಂದರೆ ಬರಿಗೈಯಲ್ಲಿ ಹಿಂತಿರುಗುವವರು ಯಾರೂ ಇರುವುದಿಲ್ಲ.

ಗುಂಪು ಹಂಚಿಕೆಗೆ ತೆರಬೇಕಾದ ಬೆಲೆ ಇದೆ. ಒಂದೇ ಊರಿನವರು ಒಬ್ಬರನ್ನೊಬ್ಬರು ಹೋಲುವುದರಿಂದ, ಸಾವಿರ ಜನರಿರುವ ಹತ್ತು ಊರುಗಳು ಹತ್ತು ಸಾವಿರ ಸ್ವತಂತ್ರ ವ್ಯಕ್ತಿಗಳಿಗೆ ಸಮವಲ್ಲ. ಊರುಗಳ ಸಂಖ್ಯೆಯೇ ನಿಜವಾದ ಬಲ. ಊರುಗಳನ್ನು ಹೆಚ್ಚಿಸಲಾಗದೆ ಒಳಗಿನ ಜನರನ್ನಷ್ಟೇ ಹೆಚ್ಚಿಸುತ್ತ ಹೋಗುವುದು ನಾನು ಯೋಜನಾ ಪ್ರಸ್ತಾವಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು.

ಹುಸಿ ಮದ್ದು ಕೊಡುವುದು ಮನಸ್ಸಿಗೆ ಒಪ್ಪದಷ್ಟು ರೋಗ ಘೋರವಾಗಿದ್ದಾಗ ನಡುದಾರಿಗಳಿವೆ. 2015ರಲ್ಲಿ ಗಿನಿ ದೇಶದಲ್ಲಿ ಎಬೋಲಾ ಲಸಿಕೆಯನ್ನು ಪರೀಕ್ಷಿಸಿದವರು ಪ್ರತಿಯೊಬ್ಬ ರೋಗಿಯ ಸಂಪರ್ಕಿತರನ್ನೂ ಅವರ ಸಂಪರ್ಕಿತರನ್ನೂ ಒಂದು ಬಳೆಯಂತೆ ಗುರುತಿಸಿ, ಕೆಲವು ಬಳೆಗಳಿಗೆ ತಕ್ಷಣವೂ ಉಳಿದವಕ್ಕೆ 21 ದಿನಗಳ ನಂತರವೂ ಲಸಿಕೆ ಕೊಟ್ಟರು. ತಕ್ಷಣ ಲಸಿಕೆ ಪಡೆದವರಲ್ಲಿ ಹತ್ತು ದಿನ ಕಳೆದ ಮೇಲೆ ಒಂದೂ ಹೊಸ ಪ್ರಕರಣ ಕಾಣಲಿಲ್ಲ. ಪಿಡುಗು ಇಳಿಮುಖವಾಗಿ ರೋಗಿಗಳೇ ವಿರಳವಾಗಿದ್ದ ಕಾಲದಲ್ಲಿ ಈ ವಿಧಾನ ಗೆದ್ದದ್ದಕ್ಕೆ ಕಾರಣ, ಅದು ಸೋಂಕು ಇರುವಲ್ಲಿಗೇ ಪ್ರಯೋಗವನ್ನು ಒಯ್ದದ್ದು. ಇಡೀ ಜಿಲ್ಲೆಗಳನ್ನು ಹಂಚಿಕೊಂಡಿದ್ದರೆ ಬಹುತೇಕ ಜಿಲ್ಲೆಗಳಲ್ಲಿ ಅಳೆಯಲು ಏನೂ ಸಿಗುತ್ತಿರಲಿಲ್ಲ.

ಪ್ರಯೋಗ ಸೋಲುವ ಜಾಗವೂ ಒಂದಿದೆ. ವಿರಳವಾದ ಅಡ್ಡಪರಿಣಾಮಗಳನ್ನು ಅದು ಹಿಡಿಯಲಾರದು. ಸಾಮಾನ್ಯ ನಿಯಮವೊಂದನ್ನು ನೆನಪಿಟ್ಟುಕೊಂಡರೆ ಸಾಕು: ಅಧ್ಯಯನದಲ್ಲಿ ಒಂದೂ ಪ್ರಕರಣ ಕಾಣದಿದ್ದರೆ, ಮೂರನ್ನು ಜನರ ಸಂಖ್ಯೆಯಿಂದ ಭಾಗಿಸಿದಾಗ ಬರುವಷ್ಟು ಅಪಾಯ ಇನ್ನೂ ಇರಬಹುದು. ಮೂರು ಸಾವಿರ ಜನರಲ್ಲಿ ಯಾರಿಗೂ ಏನೂ ಆಗಲಿಲ್ಲವೆಂದರೆ ಸಾವಿರಕ್ಕೆ ಒಂದರಷ್ಟು ಅಪಾಯವನ್ನು ಅಲ್ಲಗಳೆದಂತಾಗಲಿಲ್ಲ. 1998ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಪರವಾನಗಿ ಪಡೆದ ರೋಟಾಶೀಲ್ಡ್ ಎಂಬ ರೋಟಾವೈರಸ್ ಲಸಿಕೆಯನ್ನು 1999ರ ಅಕ್ಟೋಬರ್‌ನಲ್ಲೇ ಹಿಂತೆಗೆದುಕೊಳ್ಳಬೇಕಾಯಿತು. ಕರುಳಿನ ಒಂದು ಭಾಗ ಇನ್ನೊಂದರೊಳಗೆ ಮಡಚಿ ಸೇರಿಕೊಳ್ಳುವ ತೊಂದರೆ ಸುಮಾರು ಹತ್ತು ಸಾವಿರ ಶಿಶುಗಳಲ್ಲಿ ಒಂದಕ್ಕೆ ಬರುತ್ತಿತ್ತು. ಪರವಾನಗಿಗೆ ಮುಂಚಿನ ಪ್ರಯೋಗಗಳಲ್ಲೂ ಕೆಲವು ಪ್ರಕರಣಗಳು ಇದ್ದವು, ಆದರೆ ಅವು ಆಕಸ್ಮಿಕವೋ ಅಲ್ಲವೋ ಎಂದು ಹೇಳಲಾಗದಷ್ಟು ಕಡಿಮೆ. ಗುಟ್ಟು ಬಿಚ್ಚಿಟ್ಟದ್ದು ವೈದ್ಯರು ಸ್ವಯಂಪ್ರೇರಣೆಯಿಂದ ಕಳುಹಿಸಿದ ವರದಿಗಳು. ಅದನ್ನು ಖಚಿತಪಡಿಸಿದ್ದು, ತೊಂದರೆ ಬಂದವರನ್ನು ಬಾರದವರೊಡನೆ ಹೋಲಿಸುವ ಕೇಸ್-ಕಂಟ್ರೋಲ್ ಅಧ್ಯಯನ. ಆ ಪಾಠದ ನಂತರ ಬಂದ ಎರಡು ರೋಟಾವೈರಸ್ ಲಸಿಕೆಗಳನ್ನು ತಲಾ 60 ಸಾವಿರಕ್ಕೂ ಹೆಚ್ಚು ಶಿಶುಗಳಲ್ಲಿ ಪರೀಕ್ಷಿಸಬೇಕಾಯಿತು.

ಸೋಂಕು ಹಚ್ಚಲಾಗದು, ಕಾದು ನೋಡಬಹುದು: ಕೋಹಾರ್ಟ್ ಮತ್ತು ಕೇಸ್-ಕಂಟ್ರೋಲ್

ವೈರಸ್ಸಿನಿಂದ ಯಾವ ಹಾನಿ ಆಗುತ್ತದೆ ಎಂಬ ಪ್ರಶ್ನೆಗೆ ಪ್ರಯೋಗದ ದಾರಿ ಮುಚ್ಚಿದೆ. ಇಲ್ಲಿ ನಿಜವಾದ ಆಯ್ಕೆ ಇರುವುದು ಎರಡರ ನಡುವೆ. ಸೋಂಕಿತರನ್ನೂ ಸೋಂಕಿಲ್ಲದವರನ್ನೂ ಮೊದಲೇ ಗುರುತಿಸಿ ವರ್ಷಗಟ್ಟಲೆ ಹಿಂಬಾಲಿಸುವುದು ಕೋಹಾರ್ಟ್ ಅಧ್ಯಯನ. ರೋಗ ಬಂದವರನ್ನೂ ಬಾರದವರನ್ನೂ ಆರಿಸಿಕೊಂಡು ಹಿಂದೆ ಯಾರಿಗೆ ಸೋಂಕು ತಗುಲಿತ್ತೆಂದು ಕೆದಕುವುದು ಕೇಸ್-ಕಂಟ್ರೋಲ್.

ಕೋಹಾರ್ಟಿನ ಶಕ್ತಿ ಏನೆಂಬುದಕ್ಕೆ 1981ರಲ್ಲಿ ಪ್ರಕಟವಾದ ತೈವಾನಿನ ಅಧ್ಯಯನವನ್ನು ಓದಬೇಕು. ಪಾಮರ್ ಬೀಸ್ಲಿ ಮತ್ತು ಸಂಗಡಿಗರು 22,707 ಪುರುಷರ ರಕ್ತವನ್ನು ಹೆಪಟೈಟಿಸ್ ಬಿ ವೈರಸ್ಸಿಗಾಗಿ ಪರೀಕ್ಷಿಸಿ, ಮುಂದೆ ಯಾರು ಯಾವುದರಿಂದ ಸತ್ತರೆಂದು ದಾಖಲಿಸುತ್ತ ಹೋದರು. ಯಕೃತ್ತಿನ ಕ್ಯಾನ್ಸರಿನಿಂದ ಸತ್ತ 41 ಜನರಲ್ಲಿ 40 ಜನ ವೈರಸ್ ವಾಹಕರು. ವಾಹಕರಲ್ಲಿ ಆ ಕ್ಯಾನ್ಸರಿನ ಅಪಾಯ 200 ಪಟ್ಟಿಗೂ ಹೆಚ್ಚು. ಕ್ಯಾನ್ಸರ್ ಬಂದದ್ದರಿಂದಲೇ ಯಕೃತ್ತಿನಲ್ಲಿ ವೈರಸ್ ಉಳಿದಿರಬಹುದಲ್ಲವೇ ಎಂಬ ಆಕ್ಷೇಪಕ್ಕೆ ಇಲ್ಲಿ ಜಾಗವಿಲ್ಲ, ಏಕೆಂದರೆ ರಕ್ತ ತೆಗೆದದ್ದು ಕ್ಯಾನ್ಸರಿಗೆ ಮುಂಚೆ. ಯಾವುದು ಮೊದಲು, ಯಾವುದು ನಂತರ ಎಂಬುದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಹೇಳುವುದೇ ಕೋಹಾರ್ಟಿನ ದೊಡ್ಡ ಗುಣ.

ಆದರೆ ಪರಿಣಾಮ ವಿರಳವಾಗಿದ್ದರೆ ಕೋಹಾರ್ಟ್ ದಿವಾಳಿಯಾಗುತ್ತದೆ. ಲಕ್ಷಕ್ಕೆ ಹತ್ತು ಜನರಿಗೆ ಬರುವ ರೋಗವನ್ನು ಹಿಂಬಾಲಿಸಲು ಹತ್ತು ಸಾವಿರ ಜನರನ್ನು ಸೇರಿಸಿಕೊಂಡರೆ ವರ್ಷ ಮುಗಿದಾಗ ಕೈಯಲ್ಲಿ ಒಂದು ಪ್ರಕರಣ ಇರಬಹುದು, ಇಲ್ಲದೆಯೂ ಇರಬಹುದು. ಆಗ ರೋಗಿಗಳಿಂದಲೇ ಹೊರಡಬೇಕು. ಅದರ ಆದಿರೂಪ 1941ರಲ್ಲಿ ಸಿಡ್ನಿಯ ನೇತ್ರತಜ್ಞ ನಾರ್ಮನ್ ಗ್ರೆಗ್ ಮಾಡಿದ ಕೆಲಸ. ಹುಟ್ಟಿನಿಂದಲೇ ಕಣ್ಣಿನ ಪೊರೆ ಇದ್ದ ಶಿಶುಗಳು ಅಸಾಮಾನ್ಯ ಸಂಖ್ಯೆಯಲ್ಲಿ ಬರುತ್ತಿರುವುದನ್ನು ಗಮನಿಸಿ ಅವರು 78 ಪ್ರಕರಣಗಳನ್ನು ಕಲೆಹಾಕಿದರು. ಅವುಗಳಲ್ಲಿ 68 ತಾಯಂದಿರಿಗೆ ಬಸುರಿನ ಆರಂಭದಲ್ಲಿ ರುಬೆಲ್ಲಾ ಬಂದಿತ್ತು. ಹೋಲಿಕೆಯ ಗುಂಪೇ ಇಲ್ಲದ, ಪಿರಮಿಡ್ಡಿನ ತಳದಲ್ಲಿ ಕೂರುವ ಬರೀ ಪ್ರಕರಣಗಳ ಪಟ್ಟಿ ಅದು, ಆದರೂ ಸರಿಯಾಗಿತ್ತು. 1998ರಲ್ಲಿ ಪ್ರಕಟವಾದ ಹನ್ನೆರಡು ಮಕ್ಕಳ ಇನ್ನೊಂದು ಪಟ್ಟಿ ದಡಾರ-ಮಂಗನಬಾವು-ರುಬೆಲ್ಲಾ ಲಸಿಕೆಗೂ ಆಟಿಸಂಗೂ ಗಂಟುಹಾಕಿತು, ಹಲವು ದೇಶಗಳಲ್ಲಿ ಲಸಿಕೆಯ ಮೇಲಿನ ನಂಬಿಕೆಯನ್ನು ಕೆಡಿಸಿತು, ಕೊನೆಗೆ 2010ರಲ್ಲಿ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು. ಡೆನ್ಮಾರ್ಕಿನಲ್ಲಿ 6,57,461 ಮಕ್ಕಳನ್ನು ಹಿಂಬಾಲಿಸಿ 2019ರಲ್ಲಿ ಪ್ರಕಟವಾದ ಕೋಹಾರ್ಟ್ ಅಧ್ಯಯನದಲ್ಲಿ ಅಂಥ ಯಾವ ನಂಟೂ ಕಾಣಲಿಲ್ಲ. ಎರಡು ಪಟ್ಟಿಗಳನ್ನು ಬೇರ್ಪಡಿಸುವುದು ಗಾತ್ರ ಮಾತ್ರವಲ್ಲ. ರುಬೆಲ್ಲಾ ಎಲ್ಲ ಬಸುರಿಯರಿಗೂ ಬರುವ ರೋಗವಲ್ಲ, ಹಾಗಾಗಿ 78ರಲ್ಲಿ 68 ಎಂಬುದು ತಾನಾಗಿಯೇ ಕಣ್ಣು ಕುಕ್ಕುತ್ತದೆ. ಆ ಲಸಿಕೆಯನ್ನಾದರೋ ಬಹುತೇಕ ಎಲ್ಲ ಮಕ್ಕಳೂ ಪಡೆದಿರುತ್ತಾರೆ, ಆಟಿಸಂ ಲಕ್ಷಣಗಳು ಗಮನಕ್ಕೆ ಬರುವ ವಯಸ್ಸಿನ ಆಸುಪಾಸಿನಲ್ಲೇ ಪಡೆದಿರುತ್ತಾರೆ.

ಬಹುತೇಕ ಎಲ್ಲರಿಗೂ ತಗುಲಿರುವ ವೈರಸ್ಸಿನ ಪಾತ್ರವನ್ನು ಸಾಬೀತುಪಡಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಎಪ್‌ಸ್ಟೀನ್-ಬಾರ್ ವೈರಸ್ ಉದಾಹರಣೆ. ವಯಸ್ಕರಲ್ಲಿ ಶೇ 90ಕ್ಕಿಂತ ಹೆಚ್ಚು ಜನರಲ್ಲಿ ಅದು ಇರುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗಕ್ಕೆ ಅದು ಕಾರಣವೇ ಎಂದು ತಿಳಿಯಲು ಸಾಧಾರಣ ಕೇಸ್-ಕಂಟ್ರೋಲ್ ಸಾಲದು. ರೋಗಿಗಳಲ್ಲೂ ಆರೋಗ್ಯವಂತರಲ್ಲೂ ವೈರಸ್ ಸಿಗುತ್ತದೆ. ಇಲ್ಲಿ ಕೆಲಸಕ್ಕೆ ಬಂದದ್ದು ಎರಡರ ಬೆಸುಗೆ, ಅಂದರೆ ಕೋಹಾರ್ಟಿನ ಒಳಗೆ ಹುದುಗಿಸಿದ ಕೇಸ್-ಕಂಟ್ರೋಲ್. ಅಮೆರಿಕದ ಸೇನೆಯಲ್ಲಿದ್ದ ಒಂದು ಕೋಟಿಗೂ ಹೆಚ್ಚು ಜನರಿಂದ ವಾಡಿಕೆಯಂತೆ ತೆಗೆದಿಟ್ಟಿದ್ದ ರಕ್ತಸಾರದ ಮಾದರಿಗಳಿದ್ದವು. ಮುಂದೆ ರೋಗ ಬಂದ 955 ಜನರನ್ನು ದಾಖಲೆಗಳಿಂದ ಗುರುತಿಸಿ, ಮಾದರಿ ಲಭ್ಯವಿದ್ದ 801 ಜನರದನ್ನೂ ಹೋಲಿಕೆಗೆ ತೆಗೆದುಕೊಂಡವರದನ್ನೂ ಮಾತ್ರ ಹೊರತೆಗೆದು ಪರೀಕ್ಷಿಸಿದರು. ಮೊದಲ ಮಾದರಿಯಲ್ಲಿ ವೈರಸ್ಸಿನ ಕುರುಹು ಇಲ್ಲದಿದ್ದ 35 ರೋಗಿಗಳಲ್ಲಿ 34 ಜನರಿಗೆ ರೋಗಕ್ಕೆ ಮುಂಚೆ ಸೋಂಕು ತಗುಲಿತ್ತು. ಸೋಂಕಿನ ನಂತರ ಅಪಾಯ 32 ಪಟ್ಟು ಏರಿತ್ತು. ಹಾಗೆಯೇ ಹರಡುವ ಸೈಟೊಮೆಗಾಲೊ ವೈರಸ್ಸನ್ನೂ ಅದೇ ಮಾದರಿಗಳಲ್ಲಿ ಪರೀಕ್ಷಿಸಿದಾಗ ಅಂಥ ಏರಿಕೆ ಇರಲಿಲ್ಲ. 2022ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಆ ಎರಡನೆಯ ಪರೀಕ್ಷೆ, ಏಕೆಂದರೆ ವಿಧಾನದಲ್ಲೇ ಏನಾದರೂ ವಕ್ರತೆ ಇದ್ದಿದ್ದರೆ ಅದು ಎರಡೂ ವೈರಸ್ಸುಗಳಲ್ಲಿ ಕಾಣಿಸಿಕೊಳ್ಳಬೇಕಿತ್ತು.

ಆಯ್ಕೆಯ ಸೂತ್ರ ಒರಟಾಗಿ ಹೀಗೆ: ಪರಿಣಾಮ ಸಾಮಾನ್ಯವಾಗಿದ್ದು ಬೇಗ ಕಾಣಿಸಿಕೊಳ್ಳುವುದಾದರೆ ಕೋಹಾರ್ಟ್, ವಿರಳವಾಗಿದ್ದು ಸೋಂಕಿನ ಕುರುಹು ದೇಹದಲ್ಲಿ ಉಳಿಯುವುದಾದರೆ ಕೇಸ್-ಕಂಟ್ರೋಲ್, ಹಳೆಯ ಮಾದರಿಗಳು ಸಂಗ್ರಹದಲ್ಲಿದ್ದರೆ ಬೆಸುಗೆ. ಕುರುಹು ಉಳಿಯದ ಸೋಂಕುಗಳಲ್ಲಿ ಕೇಸ್-ಕಂಟ್ರೋಲ್ ಜನರ ನೆನಪನ್ನು ಅವಲಂಬಿಸಬೇಕಾಗುತ್ತದೆ, ಮತ್ತು ಅಂಗವೈಕಲ್ಯದ ಮಗು ಹೆತ್ತ ತಾಯಿ ಬಸುರಿನ ದಿನಗಳ ಒಂದೊಂದು ಜ್ವರವನ್ನೂ ಇತರರಿಗಿಂತ ಹೆಚ್ಚು ಶ್ರದ್ಧೆಯಿಂದ ನೆನಪಿಸಿಕೊಳ್ಳುತ್ತಾಳೆ.

ಲಸಿಕೆ ಬಳಕೆಗೆ ಬಂದ ಮೇಲೆ

ಲಸಿಕೆ ಸಾರ್ವಜನಿಕರಿಗೆ ಸಿಗಲು ತೊಡಗಿದ ನಂತರ ಯಾರನ್ನೂ ಹುಸಿ ಮದ್ದಿನ ಗುಂಪಿಗೆ ಹಾಕಲಾಗದು. ಪಡೆದವರನ್ನು ಪಡೆಯದವರೊಡನೆ ಹೋಲಿಸಬೇಕಾಗುತ್ತದೆ. ಈ ಹೋಲಿಕೆಯಷ್ಟು ಸುಲಭವಾಗಿ ಮೋಸ ಮಾಡುವುದು ಬೇರೊಂದಿಲ್ಲ. ಇನ್‌ಫ್ಲುಯೆಂಜಾ ಲಸಿಕೆ ವೃದ್ಧರ ಸಾವನ್ನು ಅರ್ಧದಷ್ಟು ತಗ್ಗಿಸುತ್ತದೆ ಎಂದು ಹಲವು ಕೋಹಾರ್ಟ್ ಅಧ್ಯಯನಗಳು ಹೇಳಿದ್ದವು. ಚಳಿಗಾಲದ ಸಾವುಗಳಲ್ಲಿ ಇನ್‌ಫ್ಲುಯೆಂಜಾದ ಪಾಲೇ ಶೇ 10ನ್ನು ಮೀರುವುದು ಅಪರೂಪವಾಗಿರುವಾಗ ಅರ್ಧದಷ್ಟು ಸಾವನ್ನು ಅದು ತಡೆಯುವುದಾದರೂ ಹೇಗೆ? ಅಮೆರಿಕದ 72 ಸಾವಿರ ವೃದ್ಧರ ದಾಖಲೆಗಳನ್ನು ಪರಿಶೀಲಿಸಿದ 2006ರ ಅಧ್ಯಯನವೊಂದು ಸರಳವಾದ ತಪಾಸಣೆ ಮಾಡಿತು: ಫ್ಲೂ ಋತು ಶುರುವಾಗುವ ಮೊದಲೇ ಲಸಿಕೆ ಪಡೆದವರಲ್ಲಿ ಸಾವು ಎಷ್ಟು ಕಡಿಮೆ ಇತ್ತು? ಉತ್ತರ, ಶೇ 61 ಕಡಿಮೆ. ಋತುವಿನ ನಡುವೆ ಅದು ಶೇ 44ಕ್ಕೆ, ಋತು ಮುಗಿದ ಮೇಲೆ ಶೇ 26ಕ್ಕೆ ಇಳಿದಿತ್ತು. ವೈರಸ್ಸೇ ಇಲ್ಲದ ತಿಂಗಳುಗಳಲ್ಲಿ ಕಾಣುವ ಪ್ರಯೋಜನ ಲಸಿಕೆಯದಲ್ಲ. ಸಾವಿನ ಅಂಚಿನಲ್ಲಿರುವ ವೃದ್ಧರು ಲಸಿಕೆ ಹಾಕಿಸಿಕೊಳ್ಳಲು ಹೋಗುವುದಿಲ್ಲ, ನಡೆದಾಡುವವರು ಹೋಗುತ್ತಾರೆ, ಅಷ್ಟೆ. ಲಸಿಕೆ ನಿರುಪಯುಕ್ತವೆಂದು ಇದರ ಅರ್ಥವಲ್ಲ. ಅದರ ಉಪಯೋಗವನ್ನು ಅಳೆಯಲು ಆ ತಕ್ಕಡಿ ಸರಿಯಿರಲಿಲ್ಲ.

ಇದಕ್ಕೆ ಇರುವ ಪರ್ಯಾಯಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ನೆಗೆಟಿವ್-ಪರೀಕ್ಷೆ ವಿನ್ಯಾಸ. ಜ್ವರ, ಕೆಮ್ಮು ಎಂದು ವೈದ್ಯರ ಬಳಿ ಬಂದವರೆಲ್ಲರ ಮೂಗಿನ ದ್ರವವನ್ನು ಪರೀಕ್ಷಿಸಿ, ಇನ್‌ಫ್ಲುಯೆಂಜಾ ಸಿಕ್ಕವರಲ್ಲಿ ಎಷ್ಟು ಮಂದಿ ಲಸಿಕೆ ಪಡೆದಿದ್ದರು, ಸಿಗದವರಲ್ಲಿ ಎಷ್ಟು ಮಂದಿ ಪಡೆದಿದ್ದರು ಎಂದು ಹೋಲಿಸುತ್ತಾರೆ. ಎರಡೂ ಗುಂಪಿನವರು ವೈದ್ಯರನ್ನು ಹುಡುಕಿಕೊಂಡು ಬಂದವರೇ ಆದ್ದರಿಂದ ಆರೋಗ್ಯದ ಬಗೆಗಿನ ಕಾಳಜಿಯಲ್ಲಿ ಬಹುಮಟ್ಟಿಗೆ ಸಮ. ಅಗ್ಗ, ವೇಗ, ಪ್ರತಿವರ್ಷವೂ ಮಾಡಬಹುದು. ಆದರೆ ಆಸ್ಪತ್ರೆಗೆ ಬಾರದವರ ಬಗ್ಗೆ ಅದು ಏನನ್ನೂ ಹೇಳದು, ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳುವ ಅಭ್ಯಾಸ ಬಂದಲ್ಲಿ ಅದರ ತಳಹದಿಯೇ ಅಲುಗಾಡುತ್ತದೆ.

ಪರಿಣಾಮ ತಡವಾಗಿ ಬರುವಂಥದ್ದಾದರೆ, ರಾಷ್ಟ್ರವ್ಯಾಪಿ ನೋಂದಣಿ ದಾಖಲೆಗಳಿಗಿಂತ ಒಳ್ಳೆಯ ಆಕರವಿಲ್ಲ. ಮಾನವ ಪ್ಯಾಪಿಲೋಮಾ ವೈರಸ್ಸಿನ ಲಸಿಕೆ ಗರ್ಭಕೊರಳಿನ ಕ್ಯಾನ್ಸರಿನ ಮುನ್ಸೂಚಕ ಗಾಯಗಳನ್ನು ತಡೆಯುತ್ತದೆಂದು ಯಾದೃಚ್ಛಿಕ ಪ್ರಯೋಗಗಳು ತೋರಿಸಿದ್ದವು. ಕ್ಯಾನ್ಸರನ್ನೇ ತಡೆಯುತ್ತದೆಂದು ತೋರಿಸಲು ಅಷ್ಟು ಕಾಲ ಯಾವ ಪ್ರಯೋಗವೂ ಕಾಯಲಾರದು. ಸ್ವೀಡನ್ನಿನ ಸುಮಾರು 16.7 ಲಕ್ಷ ಹುಡುಗಿಯರ ಮತ್ತು ಯುವತಿಯರ ದಾಖಲೆಗಳನ್ನು ಜೋಡಿಸಿದ 2020ರ ಅಧ್ಯಯನ, 17 ವರ್ಷಕ್ಕೆ ಮುಂಚೆ ಲಸಿಕೆ ಪಡೆದವರಲ್ಲಿ ಆ ಕ್ಯಾನ್ಸರ್ ಶೇ 88ರಷ್ಟು ಕಡಿಮೆ ಎಂದು ಕಂಡುಕೊಂಡಿತು.

ಎಷ್ಟು ಹರಡಿದೆ, ಎಷ್ಟು ಕೊಂದಿದೆ

ದೃಢಪಟ್ಟ ಪ್ರಕರಣಗಳ ಎಣಿಕೆ ಹೇಳುವುದು ವೈರಸ್ಸಿನ ಬಗ್ಗೆ ಎಷ್ಟೋ, ಪರೀಕ್ಷೆಯ ಸೌಲಭ್ಯದ ಬಗ್ಗೆಯೂ ಅಷ್ಟೇ. ಏರಿಳಿತದ ದಿಕ್ಕು ತಿಳಿಯಲು ಅದು ಸಾಕು, ಒಟ್ಟು ಹರಡುವಿಕೆ ತಿಳಿಯಲು ಸಾಲದು. ಒಟ್ಟು ಹರಡುವಿಕೆಗೆ ರಕ್ತದಲ್ಲಿ ಪ್ರತಿಕಾಯ ಹುಡುಕುವ ಸೀರೋ ಸಮೀಕ್ಷೆ ಬೇಕು. ಆದರೆ ಸೋಂಕು ಇನ್ನೂ ವಿರಳವಾಗಿರುವಾಗ ಈ ಸಮೀಕ್ಷೆ ಮಾಡಲು ಹೊರಟವರು ಮೊದಲು ಕಾಗದದ ಮೇಲೆ ಲೆಕ್ಕ ಹಾಕಬೇಕು. ಹತ್ತು ಸಾವಿರ ಜನರಲ್ಲಿ ನೂರು ಮಂದಿಗೆ ನಿಜವಾಗಿ ಸೋಂಕು ತಗುಲಿದೆ ಎಂದುಕೊಳ್ಳೋಣ. ಪರೀಕ್ಷೆ ಸೋಂಕಿತರಲ್ಲಿ ಶೇ 90 ಮಂದಿಯನ್ನು ಹಿಡಿಯುತ್ತದೆ, ಸೋಂಕಿಲ್ಲದವರಲ್ಲಿ ಶೇ 2 ಮಂದಿಯನ್ನು ತಪ್ಪಾಗಿ ಪಾಸಿಟಿವ್ ಎನ್ನುತ್ತದೆ. ಆಗ ನಿಜವಾದ ಪಾಸಿಟಿವ್ 90, ಹುಸಿ ಪಾಸಿಟಿವ್ 198. ಶೇ 1 ಇರುವ ಹರಡುವಿಕೆ ಶೇ 2.9 ಎಂದು ಕಾಣುತ್ತದೆ. ಇದೇ ಪರೀಕ್ಷೆ ಅರ್ಧದಷ್ಟು ಜನರಿಗೆ ಸೋಂಕು ತಗುಲಿದ ಮೇಲೆ ನಂಬಿಕೆಗೆ ಅರ್ಹವಾಗಿರುತ್ತದೆ.

ಲಕ್ಷಣಗಳಿಲ್ಲದೆ ಹರಡುವ ವೈರಸ್ಸಿಗೆ ಕೊಳಚೆ ನೀರಿನ ಪರೀಕ್ಷೆಯೇ ಹೆಚ್ಚು ಚುರುಕು. ಪೋಲಿಯೊ ಸೋಂಕಿತರಲ್ಲಿ ಪಾರ್ಶ್ವವಾಯು ಬರುವುದು ಸುಮಾರು 200ರಲ್ಲಿ ಒಬ್ಬರಿಗೆ, ಲಸಿಕೆ ಪಡೆದ ಸಮುದಾಯದಲ್ಲಿ ಅದೂ ಇಲ್ಲ. 2013ರಲ್ಲಿ ಇಸ್ರೇಲಿನ ಕೊಳಚೆ ನೀರಿನಲ್ಲಿ ಕಾಡು ಪೋಲಿಯೊ ವೈರಸ್ ಪತ್ತೆಯಾದಾಗ ಒಬ್ಬ ರೋಗಿಯೂ ಇರಲಿಲ್ಲ. ಆ ಪತ್ತೆಯ ಬಲದ ಮೇಲೆಯೇ ಮಕ್ಕಳಿಗೆ ಬಾಯಿಯ ಲಸಿಕೆ ಕೊಡಲಾಯಿತು. ಯಾರಿಗೆ ಸೋಂಕು, ಯಾವ ವಯಸ್ಸಿನವರಿಗೆ ಎಂಬುದನ್ನು ಮಾತ್ರ ಕೊಳಚೆ ನೀರು ಹೇಳಲಾರದು.

ಸಾವಿನ ಲೆಕ್ಕದಲ್ಲಿ ಎರಡು ದಾರಿಗಳಿವೆ: ಮರಣ ಪ್ರಮಾಣಪತ್ರದಲ್ಲಿ ಬರೆದ ಕಾರಣಗಳನ್ನು ಎಣಿಸುವುದು, ಅಥವಾ ವಾಡಿಕೆಯ ವರ್ಷಗಳಿಗಿಂತ ಎಷ್ಟು ಸಾವು ಹೆಚ್ಚಾಯಿತೆಂದು ನೋಡುವುದು. 2020 ಮತ್ತು 2021ರಲ್ಲಿ ಜಗತ್ತಿನಲ್ಲಿ ಕೋವಿಡ್ ಸಾವು ಎಂದು ವರದಿಯಾದದ್ದು ಸುಮಾರು 54 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಅಧಿಕ ಸಾವುಗಳು 1.49 ಕೋಟಿ. ಎರಡನೆಯದರಲ್ಲಿ ಚಿಕಿತ್ಸೆ ಸಿಗದೆ ಬೇರೆ ರೋಗಗಳಿಂದ ಸತ್ತವರೂ ಸೇರಿರುತ್ತಾರೆ. ಪಿಡುಗಿನ ಒಟ್ಟು ಹೊರೆ ತಿಳಿಯಬೇಕಾದರೆ ಅದು ದೋಷವಲ್ಲ, ವೈರಸ್ಸಿನ ಮಾರಕತೆ ತಿಳಿಯಬೇಕಾದರೆ ದೋಷ.

ಗಣಿತದ ಮಾದರಿಗಳ ಬಗ್ಗೆ ಎರಡೇ ಮಾತು. 2014ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಮಾದರಿಯೊಂದು, ಹೆಚ್ಚುವರಿ ಕ್ರಮ ಕೈಗೊಳ್ಳದಿದ್ದರೆ ಲೈಬೀರಿಯಾ ಮತ್ತು ಸಿಯೆರಾ ಲಿಯೋನ್ ದೇಶಗಳಲ್ಲಿ ಜನವರಿಯ ಹೊತ್ತಿಗೆ ಎಬೋಲಾ ಪ್ರಕರಣಗಳು 14 ಲಕ್ಷಕ್ಕೆ ಏರಬಹುದೆಂದು ತೋರಿಸಿತು. ಇಡೀ ಪಿಡುಗು ಮುಗಿದಾಗ ಒಟ್ಟು ಪ್ರಕರಣಗಳು ಸುಮಾರು 28,600. ಮಾದರಿಗಳನ್ನು ಎರಡು ಕ್ರಮಗಳಲ್ಲಿ ಯಾವುದು ಮೇಲು ಎಂದು ಹೋಲಿಸಲು ಬಳಸಿ. ಮುಂದಿನ ಆರು ತಿಂಗಳ ಸಂಖ್ಯೆ ಹೇಳಲು ಬಳಸಬೇಡಿ.

ಮಾದರಿ ತೆಗೆದಿಡುವ ಆಯ್ಕೆ

ಯಾವ ವಿಧಾನವನ್ನೇ ಆರಿಸಿದರೂ ಮೊದಲ ದಿನವೇ ನಿರ್ಧರಿಸಬೇಕಾದ ಒಂದು ಸಂಗತಿ ಉಳಿಯುತ್ತದೆ: ಎಷ್ಟು ಜನರ ರಕ್ತ ತೆಗೆದಿಡಬೇಕು. ಡೆಂಗ್‌ವ್ಯಾಕ್ಸಿಯಾ ಎಂಬ ಡೆಂಗಿ ಲಸಿಕೆಯನ್ನು ಏಷ್ಯಾ ಮತ್ತು ಲ್ಯಾಟಿನ್ ಅಮೆರಿಕದ 30 ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ ಯಾದೃಚ್ಛಿಕ ಪ್ರಯೋಗಗಳ ಮೂಲಕ ಪರೀಕ್ಷಿಸಲಾಗಿತ್ತು. ಒಟ್ಟು ಲೆಕ್ಕದಲ್ಲಿ ಅದು ಫಲಕಾರಿಯಾಗಿತ್ತು. ಆದರೆ ಲಸಿಕೆಗೆ ಮುಂಚಿನ ರಕ್ತವನ್ನು ಮಕ್ಕಳಲ್ಲಿ ಒಂದು ಸಣ್ಣ ಭಾಗದಿಂದ ಮಾತ್ರ ತೆಗೆದಿದ್ದರು. ಹಾಗಾಗಿ ಮೊದಲು ಡೆಂಗಿ ಬಂದಿದ್ದವರಲ್ಲಿ ಮತ್ತು ಬಾರದವರಲ್ಲಿ ಲಸಿಕೆ ಬೇರೆ ಬೇರೆಯಾಗಿ ವರ್ತಿಸುತ್ತಿದೆಯೇ ಎಂದು ಖಚಿತವಾಗಿ ಹೇಳಲಾಗಲಿಲ್ಲ. 2016ರಲ್ಲಿ ಫಿಲಿಪ್ಪೀನ್ಸ್ ಶಾಲಾ ಮಕ್ಕಳಿಗೆ ಲಸಿಕೆ ಹಾಕಲು ಆರಂಭಿಸಿ, ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಹಾಕಿಯೂ ಆಗಿತ್ತು. ಹದಿಮೂರನೆಯ ತಿಂಗಳಲ್ಲಿ ತೆಗೆದಿದ್ದ ಮಾದರಿಗಳ ಮೇಲೆ ಹೊಸ ಬಗೆಯ ಪ್ರತಿಕಾಯ ಪರೀಕ್ಷೆ ನಡೆಸಿ, ಯಾರಿಗೆ ಮೊದಲೇ ಡೆಂಗಿ ಬಂದಿತ್ತೆಂದು ಹಿಂದಕ್ಕೆ ಊಹಿಸಿದ ಮೇಲೆ, ಎಂದೂ ಡೆಂಗಿ ಬಾರದ ಮಕ್ಕಳಲ್ಲಿ ಲಸಿಕೆಯು ತೀವ್ರ ರೋಗದ ಅಪಾಯವನ್ನು ಹೆಚ್ಚಿಸುತ್ತದೆ ಎಂಬುದು ಹೊರಬಂತು. ತಯಾರಕರು ಅದನ್ನು ಪ್ರಕಟಿಸಿದ್ದು 2017ರ ನವೆಂಬರ್‌ನಲ್ಲಿ.

ಸೇನೆಯ ಶೀತಾಗಾರದಲ್ಲಿ ಉಳಿದಿದ್ದ ರಕ್ತಸಾರ ಒಂದು ಪ್ರಶ್ನೆಗೆ ಉತ್ತರ ಕೊಟ್ಟರೆ, ಇಲ್ಲಿ ತೆಗೆದಿಡದೆ ಹೋದ ರಕ್ತ ಉತ್ತರವನ್ನು ತಡಮಾಡಿತು. ಹಿಂದಿನ ಸೋಂಕು ಮುಂದಿನ ಸೋಂಕಿನ ಸ್ವರೂಪವನ್ನು ಬದಲಿಸುವ ಯಾವುದೇ ವೈರಸ್ಸಿನ ಅಧ್ಯಯನದಲ್ಲಿ, ಹಣ ಸಾಲದೆ ಬಂದಾಗ ಭೇಟಿಗಳ ಸಂಖ್ಯೆಯನ್ನು ಕಡಿತಗೊಳಿಸಿಯಾದರೂ ಪ್ರತಿಯೊಬ್ಬರಿಂದ ಆರಂಭದ ಒಂದು ಮಾದರಿಯನ್ನು ಉಳಿಸಿಕೊಳ್ಳಿ. ಅದನ್ನು ಎರಡು ಸೀಸೆಗಳಲ್ಲಿ ಹಂಚಿ ಎರಡು ಬೇರೆ ಶೀತಕಗಳಲ್ಲಿ ಇಡಿ. ಮತ್ತು ಇನ್ನೂ ಕಂಡುಹಿಡಿಯದ ಪರೀಕ್ಷೆಗಳಿಗೂ ಅದನ್ನು ಬಳಸಬಹುದೆಂಬ ವಾಕ್ಯವನ್ನು ಒಪ್ಪಿಗೆ ಪತ್ರದಲ್ಲಿ ಮೊದಲೇ ಸೇರಿಸಿ, ಏಕೆಂದರೆ ಮೂವತ್ತು ಸಾವಿರ ಕುಟುಂಬಗಳನ್ನು ಐದು ವರ್ಷದ ನಂತರ ಮತ್ತೆ ಹುಡುಕಿ ಸಹಿ ಪಡೆಯುವುದು ಆಗುವ ಕೆಲಸವಲ್ಲ.